ಲಿಫ್ಟಿನ ಹೊಸ್ತಿಲು

ಕಟ್ಟಡದ ಕಾವಲುಗಾರ ಮೈಲಪ್ಪ ಬಂದು ಆ ಮಾತು ಹೇಳಿದ್ದು ಆಷಾಢದ ಕೊನೆಯ ವಾರ, ಒಂದು ಮಂಗಳವಾರ ಬೆಳಿಗ್ಗೆ. ಸುಕನ್ಯಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಡುಗೆಮನೆಯ ಕಿಟಕಿ ಲಿಫ್ಟಿನ ಮುಂದಿನ ಪಡಸಾಲೆಗೆ ತೆರೆದುಕೊಳ್ಳುತ್ತಿತ್ತು. ಅವನು ಕಿಟಕಿಯಾಚೆ ನಿಂತು, ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, ಒಳಗೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಎರಡು ಸಲ ಇಣುಕಿ ನೋಡಿದ.

"ಅಕ್ಕಾರ, ಅಮ್ಮಾರು ದಿನಾ ಲಿಫ್ಟಿನ ಬಾಗಲಿಗೆ ನೀರು ಹಾಕ್ತಾರ್ರಿ. ಅದು ಸಂದ್ಯಾಗಿಂದ ಕೆಳಗ ಇಳಿಯಾಕತ್ತೈತಿ. ಲಿಫ್ಟು ಕೆಟ್ಟೀತು ಅಂತ ಹೇಳಾಕ ಬಂದೆ."

"ಆತು, ನಾ ಹೇಳ್ತೀನಿ ಬಿಡು," ಎಂದಳು ಸುಕನ್ಯಾ.

ಮೈಲಪ್ಪ ಹೋದ. ಅವಳು ಹೆಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ಮಗುಚಿದಳು. ಆ ದಿನ ಅತ್ತೆಗೆ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಆಮೇಲೆ ನಡೆದದ್ದಕ್ಕೆಲ್ಲ ಕಾರಣ ಆ ಹೇಳದೇ ಉಳಿದ ಒಂದು ಮಾತು.

ಕೂಡ್ಲಿಗಿಯಲ್ಲಿ ಹೆದ್ದಾರಿ ಪಕ್ಕದ ಆ ಕಟ್ಟಡಕ್ಕೆ ಗೇಟಿನ ಮೇಲೆ ಬೇರೆ ಏನೋ ಹೆಸರಿದೆ. ಊರವರು ಕರೆಯುವುದು ಆರಂತಸ್ತು ಎಂದು. ದೊಡ್ಡ ಊರಿನವರಿಗೆ ಆರು ಅಂತಸ್ತು ಲೆಕ್ಕಕ್ಕೇ ಇಲ್ಲದಿರಬಹುದು. ಇಲ್ಲಿ ಬಸ್ಸಿನ ಕಂಡಕ್ಟರು ಕೂಡ ಆರಂತಸ್ತಿನೋರು ಇಳೀರಿ ಎಂದು ಕೂಗುತ್ತಾನೆ. ಇಪ್ಪತ್ನಾಲ್ಕು ಮನೆ, ಒಂದು ಲಿಫ್ಟು, ಒಂದು ಸಂಪು, ತಾರಸಿಯ ಮೇಲೆ ಎರಡು ಟ್ಯಾಂಕು. ಬಂದು ಸೇರಿದವರೆಲ್ಲ ಅಲ್ಲಿಯವರೆಗೆ ನೆಲದ ಮೇಲೆ ಬದುಕಿದವರು. ತಮ್ಮ ಗೋಡೆ, ತಮ್ಮ ನಲ್ಲಿ, ತಮ್ಮ ಅಂಗಳ. ತಮ್ಮ ಬಚ್ಚಲು ಇನ್ನೊಬ್ಬರ ತಲೆಯ ಮೇಲಿದೆ ಎಂಬುದನ್ನು ಅವರು ಹೊಸದಾಗಿ ಕಲಿಯಬೇಕಾಯಿತು. ಮೊದಲ ವರ್ಷ ಒಬ್ಬರು ಪಾರ್ಕಿಂಗಿನಲ್ಲಿ ಶೇಂಗಾ ಚೀಲ ಒಟ್ಟಿದರು. ಇನ್ನೊಬ್ಬರು ಟ್ಯಾಂಕಿನ ಮುಚ್ಚಳದ ಮೇಲೆ ಮೆಣಸಿನಕಾಯಿ ಒಣಹಾಕಿದರು. ಗಾಳಿ ಬಂತು, ಮುಚ್ಚಳ ಸರಿಯಿತು, ಇಪ್ಪತ್ನಾಲ್ಕು ಮನೆಯವರೂ ಖಾರದ ನೀರಿನಲ್ಲಿ ಮುಖ ತೊಳೆದರು. ಆರನೇ ಅಂತಸ್ತಿನ ಹುಲುಗೇಶ, ಕುರಿ ವ್ಯಾಪಾರದವನು, ಒಂದು ಟಗರನ್ನು ಲಿಫ್ಟಿನಲ್ಲಿ ಮೇಲಕ್ಕೆ ಒಯ್ದದ್ದು ಈಗಲೂ ಸಭೆಗಳಲ್ಲಿ ಎದ್ದೇಳುವ ವಿಷಯ.

ಇದನ್ನೆಲ್ಲ ಹದ್ದುಬಸ್ತಿಗೆ ತಂದವಳು ಸುಕನ್ಯಾ. ಸಂಘ ಮಾಡಿದ ದಿನ ಕಾರ್ಯದರ್ಶಿ ಯಾರಾಗುತ್ತೀರಿ ಎಂದಾಗ ಗಂಡಸರೆಲ್ಲ ತಮ್ಮ ಚಪ್ಪಲಿ ನೋಡಿಕೊಂಡರು. ಅವಳ ಗಂಡ ಅರುಣಕುಮಾರ್, ಬೀಜ ಗೊಬ್ಬರದ ಅಂಗಡಿಯವನು, ಬೇಗ ಅಂಗಡಿಗೆ ಹೋಗುವ ಆತುರದಲ್ಲಿ, ನಮ್ಮ ಮನಿಯಾಕಿ ಮಾಡ್ತಾಳ ತಗೋರಿ ಎಂದು ಎದ್ದುಬಿಟ್ಟಿದ್ದ. ಅವಳು ಮದುವೆಗೆ ಮುಂಚೆ ಎರಡು ವರ್ಷ, ಆಮೇಲೆ ಐದು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದಳು. ಕಟ್ಟಡಕ್ಕೂ ವೇಳಾಪಟ್ಟಿ ಬರೆದಳು. ಮೋಟಾರು ಐದೂವರೆಗೆ ಶುರು, ಆರೂ ಹತ್ತಕ್ಕೆ ಬಂದ್. ಕಸ ಏಳಕ್ಕೆ. ಟ್ಯಾಂಕು ತಿಂಗಳಿಗೊಮ್ಮೆ ತೊಳೆಯುವುದು. ಜನರೇಟರಿಗೆ ಡೀಸೆಲ್ ಎಷ್ಟಿದೆ ಎಂದು ಬುಧವಾರ ನೋಡುವುದು. ಯಾರ ಮನೆಯ ಪೈಪು ಸೋರಿದರೂ ಮೊದಲು ಅವಳ ಬಾಗಿಲು ಬಡಿಯುತ್ತಿತ್ತು. ಎರಡೇ ವರ್ಷದಲ್ಲಿ, ಒಗ್ಗರಣೆಗೆ ಸಾಸಿವೆ ಹಾಕುತ್ತಲೇ ಫೋನಿನಲ್ಲಿ ಪ್ಲಂಬರನ್ನು ಬೈಯುವುದು ಅವಳಿಗೆ ಅಭ್ಯಾಸವಾಯಿತು. ಗಾದಿಲಿಂಗಪ್ಪನವರು, ವಿದ್ಯುತ್ ಇಲಾಖೆಯಿಂದ ನಿವೃತ್ತರಾಗಿ ಸಂಘದ ಅಧ್ಯಕ್ಷರಾದವರು, ಈ ಹೆಣ್ಮಗಳು ಇರದಿದ್ರ ನಾವು ಮತ್ತ ನೆಲಕ್ಕ ಇಳೀಬೇಕಿತ್ತು ಎನ್ನುತ್ತಿದ್ದರು.

ಇಪ್ಪತ್ಮೂರು ಮನೆಯವರಿಗೆ ಮುಖದ ಮೇಲೆ ಹೇಳುತ್ತಿದ್ದವಳಿಗೆ ತನ್ನ ಮನೆಯ ಒಬ್ಬರಿಗೆ ಹೇಳುವುದು ಆಗಲಿಲ್ಲ.

ಅತ್ತೆ ಕಲ್ಯಾಣಮ್ಮ ಕೆಟ್ಟವರಲ್ಲ. ಕಾನಹೊಸಹಳ್ಳಿಯ ಮನೆಯಲ್ಲಿ ನಲವತ್ತು ವರ್ಷ ನಸುಕಿನಲ್ಲಿ ಎದ್ದು ಹೊಸ್ತಿಲು ತೊಳೆದು ಅರಿಶಿಣ ಕುಂಕುಮ ಹಚ್ಚಿ ರಂಗೋಲಿ ಎಳೆದವರು. ಇಲ್ಲಿ ಎರಡನೇ ಅಂತಸ್ತಿಗೆ ಬಂದಾಗ ಅವರ ಬಾಗಿಲಿಗೆ ನೇರ ಎದುರಾಗಿ ಲಿಫ್ಟಿನ ಬಾಗಿಲು ಬಂತು. ಎದುರು ಬಾಗಿಲು ಬರಿದಾಗಿರುವುದು ಅವರಿಗೆ ಸರಿ ಕಾಣಲಿಲ್ಲ. ಸಾವಿಗೆ ಹೋಗಿ ಬಂದವರು, ಆಸ್ಪತ್ರೆಯಿಂದ ಬಂದವರು ಎಲ್ಲರೂ ಅದರಿಂದಲೇ ಇಳಿಯುತ್ತಾರಲ್ಲ ಎಂದು ಅವರ ವಿಚಾರ. ಅದಕ್ಕೂ ಒಂದು ಚೊಂಬು ನೀರು, ಒಂದು ಚಿಟಿಕೆ ಅರಿಶಿಣ, ಎರಡು ಹೂವು. ಸೋಮವಾರಕ್ಕೆ ಎರಡು ಚೊಂಬು. ಅಮಾವಾಸ್ಯೆಗೆ ಒಂದು ಬಕೆಟ್ಟು. ಹೊಸ್ತಿಲ ಮುಂದಿನ ಸಂದಿಯಲ್ಲಿ ನೀರು ಇಳಿದು ಹೋಗುವುದು ಅವರಿಗೆ ಅನುಕೂಲವೇ ಆಯಿತು, ಬಳಿಯುವ ಕೆಲಸ ಉಳಿಯುತ್ತಿತ್ತು.

ಕಲ್ಯಾಣಮ್ಮ ಜಗಳವಾಡುವವರೂ ಅಲ್ಲ. ಊಟ ಬಿಡುವವರು. ಮದುವೆಯಾದ ಹೊಸತರಲ್ಲಿ ಅತ್ತೆ ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದ್ದನ್ನು ನೋಡಿ ಸುಕನ್ಯಾ, ಬೂಷ್ಟು ಬರತೈತ್ರಿ ಅತ್ತಿ ಎಂದಿದ್ದಳು. ಕಲ್ಯಾಣಮ್ಮ ಸಿಟ್ಟಾಗಲಿಲ್ಲ, ಸೌಟು ತೆಗೆದಿಟ್ಟರು, ಎರಡು ದಿನ ಊಟ ಮಾಡಲಿಲ್ಲ. ಮೂರನೇ ದಿನ ಅರುಣಕುಮಾರ್ ಹೆಂಡತಿಯನ್ನು ಕರೆದುಕೊಂಡು ಹೋಗಿ ತಾಯಿಯ ಕಾಲು ಮುಟ್ಟಿಸಿದ. ಭರಣಿಗೆ ಬೂಷ್ಟು ಬಂತು. ಅದನ್ನು ಯಾರೂ ಎತ್ತಿ ಆಡಲಿಲ್ಲ. ಆಮೇಲೆ ಹದಿನೇಳು ವರ್ಷ ಸುಕನ್ಯಾ ಅತ್ತೆಗೆ ಹೀಗಲ್ಲ ಎಂದು ಹೇಳಿದವಳಲ್ಲ.

ಅವಳು ಮೊದಲು ಗಂಡನಿಗೆ ಹೇಳಿದಳು. ಅವನು ಉಣ್ಣುತ್ತ, ನಿನ್ನ ಬಿಲ್ಡಿಂಗು, ನಿನ್ನ ಸಂಘ, ನನ್ನ ನಡುವ ಎಳೀಬ್ಯಾಡ ಎಂದ. ಮಾವ ಅಜ್ಜಯ್ಯನವರಿಗೂ ಒಂದು ಸುಳಿವು ಕೊಟ್ಟಳು. ಅವರು ದಿನವೂ ಮೆಟ್ಟಿಲಿಳಿದು ಹೋಗಿ ಪಾರ್ಕಿಂಗಿನಲ್ಲಿ ಮೈಲಪ್ಪನಿಗೆ ಪೇಪರು ಓದಿ ಹೇಳುವವರು. ಸೊಸೆಯ ಮಾತು ಕೇಳಿ, ನಲವತ್ತೈದು ವರ್ಷದಿಂದ ನಾನಾ ಸುಮ್ಮ ಅದೀನಿ, ಈಗ ಶುರು ಮಾಡಿದ್ರ ಆಕಿಗೆ ಗಾಬರಿ ಆದೀತು ಎಂದು ಪೇಪರು ತಿರುವಿದರು.

ಕೊನೆಗೆ ಸುಕನ್ಯಾ ತನಗೆ ಗೊತ್ತಿದ್ದ ದಾರಿ ಹಿಡಿದಳು. ಲಿಫ್ಟಿನ ಬಾಗಿಲಿನ ಬಳಿ ಯಾರೂ ನೀರು ಹಾಕಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಅಂತಸ್ತಿನಲ್ಲೂ ಅಂಟಿಸಿದಳು. ತಮ್ಮ ಅಂತಸ್ತಿನಲ್ಲಿ ಅತ್ತೆಯ ಕಣ್ಣಿನ ಎತ್ತರಕ್ಕೇ ಅಂಟಿಸಿದಳು. ಆ ದಿನ ಒಳಗೆ ಬಂದು ಕಿಟಕಿಯ ಬಳಿ ಕಾದಳು. ಕಲ್ಯಾಣಮ್ಮ ಕನ್ನಡಕ ಹಾಕಿಕೊಂಡು ಚೀಟಿ ಪೂರ್ತಿ ಓದಿದರು. ಆಮೇಲೆ ಮೆಟ್ಟಿಲು ಒರೆಸುತ್ತಿದ್ದ ಮೈಲಪ್ಪನನ್ನು ಕರೆದರು.

"ಏ ಮೈಲಪ್ಪ, ಇಲ್ಲಿ ನೋಡು ನಿನಗ ಬರದಾರ. ಬಕೆಟ್ಟು ಹಿಡಕೊಂಡು ಬರ್ತೀಯಲ್ಲ, ಜ್ವಾಕಿ."

ಮೈಲಪ್ಪ ಹ್ಞೂಂ ರೀ ಎಂದ. ಕಲ್ಯಾಣಮ್ಮ ಮರುದಿನ ನಸುಕಿನಲ್ಲಿ ಎಂದಿನಂತೆ ಚೊಂಬು ಹಿಡಿದು ಹೊರಟರು. ನೀರು ಹಾಕುವುದು ಬೇರೆ, ಹೊಸ್ತಿಲು ತೊಳೆಯುವುದು ಬೇರೆ ಎಂದು ಅವರ ಮನಸ್ಸಿನಲ್ಲಿತ್ತು. ಆ ಚೀಟಿ ತಮಗೂ ತಾಗುತ್ತದೆ ಎಂದು ಅವರಿಗೆ ಹೊಳೆಯಲೇ ಇಲ್ಲ.

ಶ್ರಾವಣ ಬಂತು. ಸೋಮವಾರಗಳಿಗೆ ನೀರು ಹೆಚ್ಚಾಯಿತು. ಎರಡನೇ ಸೋಮವಾರ ಲಿಫ್ಟು ನಾಲ್ಕನೇ ಅಂತಸ್ತಿನಲ್ಲಿ ಬಾಗಿಲು ತೆರೆದುಕೊಂಡು ನಿಂತುಬಿಟ್ಟಿತು. ಹೊಸಪೇಟೆಯಿಂದ ಮೆಕ್ಯಾನಿಕ್ ರಾಮಣ್ಣ ಬಂದ. ಒಂದನೇ ಅಂತಸ್ತಿನ ಬಾಗಿಲಿನ ಮೇಲ್ಭಾಗ ಬಿಚ್ಚಿ, ಒಳಗಿನ ಪುಟ್ಟ ಬೀಗವನ್ನು ಬಟ್ಟೆಯಿಂದ ಒರೆಸಿ ಸುಕನ್ಯಾಗೆ ತೋರಿಸಿದ. ಮೇಲಿನ ಅಂತಸ್ತಿನ ಹೊಸ್ತಿಲಿಂದ ಇಳಿದ ನೀರು ನೇರ ಈ ಬೀಗದ ಮೇಲೆ ಬೀಳುತ್ತದೆ, ಬೀಗ ತುಕ್ಕು ಹಿಡಿದರೆ ಬಾಗಿಲು ಮುಚ್ಚಿದೆಯೋ ಇಲ್ಲವೋ ಲಿಫ್ಟಿಗೆ ತಿಳಿಯದು, ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ ಎಂದು ವಿವರಿಸಿದ. ಅವನ ಕೈಯ ಬಟ್ಟೆ ಹಳದಿಯಾಗಿತ್ತು. ಅವನು ಆ ಹಳದಿಯನ್ನು ನೋಡಿದ, ಅವಳನ್ನು ನೋಡಿದ.

"ನೀರು ಅಂತ ಅಷ್ಟಾ ಬರೀತೀನ್ರಿ ರಿಪೋರ್ಟಿನಾಗ. ಯಾರು ಅಂತ ನನಗ್ಯಾಕ. ಈಗ ತಿಕ್ಕಿ ಕೂಡಿಸೀನಿ. ಹೊಸದು ತರಸಾಕ ಮೂರು ವಾರ ಬೇಕು. ಅಲ್ಲೀತನ ಒಂದು ಹನಿ ಬೀಳಬಾರದು ನೋಡ್ರಿ, ಯಾರರೆ ಒಳಗ ಸಿಕ್ಕೊಂಡ್ರ ಕಷ್ಟ."

ಅವತ್ತು ಸಂಜೆ ಮೈಲಪ್ಪ ಮತ್ತೆ ಕಿಟಕಿಗೆ ಬಂದ. ಚೀಟಿ ನನಗ ಅಂತ ಎಲ್ಲಾರೂ ತಿಳಕೊಂಡಾರ್ರಿ ಅಕ್ಕಾರ, ಮೂರನೇ ಅಂತಸ್ತಿನವರು ನನ್ನ ಬಕೆಟ್ಟು ತಡೆದು ನಿಲ್ಲಿಸಿದರು, ನೀವರೆ ಅಮ್ಮಾರಿಗೆ ಒಂದು ಮಾತು ಹೇಳ್ರಿ ಎಂದ. ಹಡಗಲಿ ಕಡೆಯವನು, ಐವತ್ತರ ಹತ್ತಿರದವನು. ಗಂಡ ಹೆಂಡತಿ ಸಂಪಿನ ಪಕ್ಕದ ಒಂದೇ ಕೋಣೆಯಲ್ಲಿ ಇದ್ದರು. ಕೆಲಸದ ಜೊತೆಗೆ ಬಂದದ್ದು ಆ ಕೋಣೆ. ಸುಕನ್ಯಾ ಈ ಸಲ, ನಾಳಿ ಖಂಡಿತ ಹೇಳ್ತೀನಿ ಎಂದಳು.

ಮರುದಿನ ನಸುಕಿನಲ್ಲಿ ಎದ್ದಳು ಕೂಡ. ಅತ್ತೆ ಚೊಂಬು ತುಂಬುತ್ತಿದ್ದರು. ಅತ್ತಿ ಎಂದಳು. ಏನು ಎಂದರು ಅವರು, ಹಣೆಯ ಮೇಲೆ ವಿಭೂತಿ ಇನ್ನೂ ಒದ್ದೆಯಾಗಿತ್ತು. ನೆಲ ಒದ್ದಿ ಐತಿ, ಕಾಲು ಜಾರೀತು ಎಂದಳು. ನನಗೊತ್ತೈತಿ ಬಿಡವ್ವ ಎಂದು ಕಲ್ಯಾಣಮ್ಮ ಬಾಗಿಲು ತೆರೆದು ಹೋದರು. ಒಳಗೆ ನಿಂತೇ ಸುಕನ್ಯಾ ನೀರು ಸುರಿಯುವ ಸದ್ದು ಕೇಳಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಶ್ರಾವಣದ ಕೊನೆಯ ವಾರ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಹುಲುಗೇಶನ ತಾಯಿ ಈರಕ್ಕ ಲಿಫ್ಟಿನಲ್ಲಿ ಸಿಕ್ಕಿಕೊಂಡಳು. ಎಪ್ಪತ್ತು ದಾಟಿದವಳು, ಕಾಲು ಬಾತಿತ್ತು, ಆರು ಅಂತಸ್ತು ಹತ್ತುವ ಮಾತೇ ಇರಲಿಲ್ಲ. ಕಾಲಿನ ಔಷಧ ತರಲು ಕೆಳಗೆ ಹೊರಟವಳು ಎರಡಕ್ಕೂ ಒಂದಕ್ಕೂ ನಡುವೆ ನಿಂತಳು. ಒಳಗಿಂದ ಅವಳು ಕೂಗಿದ್ದು ಕಲ್ಯಾಣಮ್ಮನವರಿಗೇ ಮೊದಲು ಕೇಳಿಸಿತು.

ರಾಮಣ್ಣ ಹೊಸಪೇಟೆಯಿಂದ ಬರಬೇಕು. ಕೀಲಿಯಿಂದ ಎರಡನೇ ಅಂತಸ್ತಿನ ಬಾಗಿಲು ತೆರೆದರೆ ಗೇಣುದ್ದ ಸಂದಿ ಮಾತ್ರ ಕಾಣುತ್ತಿತ್ತು, ಅದರಿಂದ ಆಕೆಯನ್ನು ಎಳೆಯುವುದು ಅಪಾಯ ಎಂದು ಸುಕನ್ಯಾ ಯಾರನ್ನೂ ಹತ್ತಿರ ಬಿಡಲಿಲ್ಲ. ಮೈಲಪ್ಪ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಆ ಸಂದಿಯಲ್ಲಿ ಈರಕ್ಕನ ಜೊತೆ ಮಾತಾಡುತ್ತಲೇ ಇದ್ದ. ಅವಳ ಊರು ಯಾವುದು, ಕುರಿ ಎಷ್ಟಿದ್ದವು, ಯಾವ ವರ್ಷ ಯಾವ ಕಡೆ ಮೇಯಿಸಲು ಹೋಗಿದ್ದರು. ಈರಕ್ಕ ಮೊದಲು ಅತ್ತಳು, ಆಮೇಲೆ ಉತ್ತರ ಕೊಟ್ಟಳು, ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾದಾಗ ಎಲ್ಲರಿಗೂ ಜೀವ ಬಾಯಿಗೆ ಬಂತು. ಸುಕನ್ಯಾ ಮೆಟ್ಟಿಲ ಮೇಲೆ ಕೂತು ರಾಮಣ್ಣನಿಗೆ ಮತ್ತೆ ಮತ್ತೆ ಫೋನು ಮಾಡಿದಳು. ರಾಮಣ್ಣ ಬಂದು ಲಿಫ್ಟನ್ನು ಕೈಯಿಂದ ಇಳಿಸುವ ಹೊತ್ತಿಗೆ ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತು. ಈರಕ್ಕ ಬೆವರಿನಲ್ಲಿ ತೊಯ್ದು ಗೋಡೆಗೆ ಒರಗಿದ್ದಳು. ಆಸ್ಪತ್ರೆಗೆ ಒಯ್ದರು, ಸಂಜೆಗೆ ಮನೆಗೆ ಕಳಿಸಿದರು. ಜೀವಕ್ಕೇನೂ ಆಗಲಿಲ್ಲ, ಆದರೆ ಆಮೇಲೆ ಅವಳು ಲಿಫ್ಟಿಗೆ ಕಾಲಿಡಲಿಲ್ಲ. ಆರನೇ ಅಂತಸ್ತಿನಿಂದ ಅವಳು ಕೆಳಗೆ ಬರಬೇಕಾದರೆ ಮಗ ಹೊತ್ತುಕೊಂಡು ಬರಬೇಕಾಯಿತು.

ಅವತ್ತಿನ ರಾತ್ರಿಯೂಟಕ್ಕೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಕಲ್ಯಾಣಮ್ಮ ಬಡಿಸುತ್ತ ಮೈಲಪ್ಪನನ್ನೇ ಬೈದರು. ದಿನಾ ಬಕೆಟ್ಟುಗಟ್ಟಲೆ ಚೆಲ್ಲುತ್ತಾನೆ, ಚೀಟಿ ಅಂಟಿಸಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಆ ಮುದುಕಿ ಸತ್ತಿದ್ದರೆ ಯಾರು ಹೊಣೆ ಎಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಈರಕ್ಕ ಅವರ ಗೆಳತಿ. ಪಿಯುಸಿ ಓದುವ ಮೊಮ್ಮಗಳು ಭಾಗ್ಯ ತುತ್ತು ಕೈಯಲ್ಲೇ ಹಿಡಿದು ತಾಯಿಯ ಮುಖ ನೋಡಿದಳು. ಹುಡುಗಿಗೆ ಎಲ್ಲ ಗೊತ್ತಿತ್ತು. ಅವಳ ಓದುವ ಮೇಜು ಲಿಫ್ಟಿನ ಕಡೆಯ ಆ ಕಿಟಕಿಯ ಪಕ್ಕದಲ್ಲೇ ಇತ್ತು. ಅಜ್ಜಯ್ಯ ಮಜ್ಜಿಗೆ ಕೇಳಿದರು. ಅರುಣಕುಮಾರ್ ತಲೆ ಎತ್ತಲಿಲ್ಲ.

ಪಾತ್ರೆ ತೊಳೆಯುವಾಗ ಭಾಗ್ಯ ಬಂದು ಪಕ್ಕ ನಿಂತಳು.

"ಮಮ್ಮಿ, ಸಭಾದಾಗ ಮೈಲಪ್ಪನ ತೆಗೀತಾರಂತ. ಗಾದಿಲಿಂಗಪ್ಪ ಅಜ್ಜ ಕೆಳಗ ಹೇಳಾಕತ್ತಿದ್ರು."

"ಗೊತ್ತೈತಿ."

"ನೀ ಹೇಳಲಿಲ್ಲಂದ್ರ ನಾ ಹೇಳ್ತೀನಿ."

ಸುಕನ್ಯಾ ಮಗಳನ್ನು ಗದರಿ ಓದಲು ಕಳಿಸಿದಳು. ಕೈ ಜಾರಿ ಒಂದು ಗಾಜಿನ ಲೋಟ ಒಡೆಯಿತು. ಅದನ್ನು ಬಾಚಿ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದಳು.

ಸಭೆ ಹತ್ತು ದಿನ ಬಿಟ್ಟು ಭಾನುವಾರ ಎಂದಾಯಿತು. ಆ ಹತ್ತು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಹೊಸ ಬೀಗ ಬರುವವರೆಗೆ ಲಿಫ್ಟು ಬಂದ್. ಗ್ಯಾಸ್ ಸಿಲಿಂಡರು, ಅಕ್ಕಿ ಚೀಲ, ಕೂಸುಗಳು, ಎಲ್ಲವೂ ಮೆಟ್ಟಿಲ ಮೇಲೆ. ಹತ್ತುವವರೆಲ್ಲ ಎರಡನೇ ಅಂತಸ್ತಿನಲ್ಲಿ ನಿಂತು ಉಸಿರು ಬಿಡುತ್ತ ಮೈಲಪ್ಪನನ್ನು ಶಪಿಸಿ ಮುಂದೆ ಹತ್ತುತ್ತಿದ್ದರು. ಸುಕನ್ಯಾಗೆ ಅಡುಗೆಮನೆಯಲ್ಲಿ ಅದೆಲ್ಲ ಕೇಳಿಸುತ್ತಿತ್ತು. ಇನ್ನೊಂದು ಕಡೆ ಕಲ್ಯಾಣಮ್ಮ, ಲಿಫ್ಟಿಗೆ ಯಾರದೋ ಕಣ್ಣು ತಾಗಿದೆ ಎಂದು ಅಮಾವಾಸ್ಯೆಯ ದಿನ ಅದರ ಹೊಸ್ತಿಲಿಗೆ ಎರಡು ಬಕೆಟ್ಟು ನೀರು ಹಾಕಿ, ತೆಂಗಿನಕಾಯಿ ಒಡೆದು, ಕುಂಬಳಕಾಯಿ ನಿವಾಳಿಸಿದರು. ಕಾಯಿಯ ನೀರೂ ಆ ಸಂದಿಯಲ್ಲೇ ಇಳಿಯಿತು. ಎಲ್ಲ ಮನೆಗಳಿಗೂ ಪ್ರಸಾದ ಹಂಚಿದರು. ಮೈಲಪ್ಪನಿಗೂ ಒಂದು ಚೂರು ಕೊಟ್ಟು, ಇನ್ನು ಮ್ಯಾಲಾದ್ರೂ ನೆಟ್ಟಗ ಇರು ಎಂದರು. ಅವನು ಎರಡೂ ಕೈ ಒಡ್ಡಿ ತೆಗೆದುಕೊಂಡ.

ಅರುಣಕುಮಾರ್ ಸಭೆಯ ಹಿಂದಿನ ದಿನ ಹೆಂಡತಿಗೆ ಬುದ್ಧಿ ಹೇಳಿದ. ಮೈಲಪ್ಪನಿಗೆ ಕೊಟ್ಟೂರಿನಲ್ಲಿ ತನ್ನ ಪರಿಚಯದವರ ಗೋಡೌನಿನಲ್ಲಿ ಕಾವಲಿನ ಕೆಲಸ ಕೊಡಿಸುತ್ತೇನೆ, ಎರಡು ತಿಂಗಳಿಗೆ ಎಲ್ಲರೂ ಮರೆಯುತ್ತಾರೆ, ಇಪ್ಪತ್ಮೂರು ಮನೆಯ ಮುಂದೆ ಅವ್ವನ ಹೆಸರು ಬರುವುದು ಬೇಡ ಎಂದ. ಕೊಟ್ಟೂರಿನಲ್ಲಿ ಇರಲು ಕೋಣೆ ಕೊಡುತ್ತಾರೆಯೇ ಎಂದು ಅವಳು ಕೇಳಿದಳು. ಅದು ಗೊತ್ತಿಲ್ಲ ಎಂದ. ಅವನೂ ಆ ರಾತ್ರಿ ನಿದ್ದೆ ಮಾಡಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು, ಅವನೂ ಮನುಷ್ಯನೇ.

ಭಾನುವಾರ ಹತ್ತು ಗಂಟೆಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಹಾಕಿದವನು ಮೈಲಪ್ಪನೇ. ಹಾಕಿ ಮುಗಿಸಿ ಒಂದು ಕಂಬಕ್ಕೆ ಒರಗಿ ನಿಂತ. ಹುಲುಗೇಶ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದು ಕೂರಿಸಿದ. ಯಾವ ಸಭೆಗೂ ಬಾರದ ಕಲ್ಯಾಣಮ್ಮ ಬಂದು ಈರಕ್ಕನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡರು. ಸುಕನ್ಯಾ ನಡಾವಳಿ ಪುಸ್ತಕ ತೆರೆದು ತಾರೀಖು ಬರೆದಳು.

ರಾಮಣ್ಣನ ರಿಪೋರ್ಟನ್ನು ಅವಳೇ ಓದಿ ಹೇಳಬೇಕಾಯಿತು. ನೀರು ಬಿದ್ದು ಬೀಗ ತುಕ್ಕು ಹಿಡಿದಿದೆ, ಇಷ್ಟೇ. ಹುಲುಗೇಶ ಎದ್ದು, ನಮ್ಮವ್ವ ಒಂದು ತಾಸು ಅಲ್ಲಿ ಸಾಯಾಕತ್ತಿದ್ಲು, ಯಾರು ಮಾಡ್ಯಾರ ಅಂತ ಇವತ್ತು ಗೊತ್ತಾಗಬೇಕು ಎಂದ. ಎಲ್ಲರೂ ಕಂಬದ ಕಡೆ ನೋಡಿದರು. ಗಾದಿಲಿಂಗಪ್ಪನವರು ಮೈಲಪ್ಪನನ್ನು ಕೇಳಿದರು. ನಾನು ಒರಸ್ತೀನ್ರಿ, ಹಾಕಂಗಿಲ್ಲ ಎಂದ ಅವನು. ಕಲ್ಯಾಣಮ್ಮ ಕೂತಲ್ಲಿಂದಲೇ, ಬಕೆಟ್ಟು ಹಿಡಿದು ಬರುವುದನ್ನು ನಾನೇ ಕಂಡಿದ್ದೇನೆ ಎಂದರು. ಸುಳ್ಳಲ್ಲ, ಕಂಡಿದ್ದರು. ಅಧ್ಯಕ್ಷರು ತಲೆಯಾಡಿಸಿದರು. ತಿಂಗಳ ಕೊನೆಗೆ ಕೆಲಸ ಬಿಡುವುದು, ಕೋಣೆ ಖಾಲಿ ಮಾಡುವುದು ಎಂದು ನಾಲ್ಕು ಜನ ಒಪ್ಪಿದರು, ಉಳಿದವರು ಸುಮ್ಮನಿದ್ದರು. ಅಜ್ಜಯ್ಯ ಪೇಪರು ಮಡಚಿ ಮೊಣಕಾಲ ಮೇಲೆ ಇಟ್ಟುಕೊಂಡು ಸೊಸೆಯ ಕಡೆ ನೋಡಿದರು.

ಗಾದಿಲಿಂಗಪ್ಪನವರು ನಿಯಮದ ಮನುಷ್ಯ, ಕೊನೆಯದಾಗಿ ಇನ್ನೊಂದು ಪ್ರಶ್ನೆ ಹಾಕಿದರು. "ನೀ ಅಲ್ಲ ಅಂದ್ರ ಮತ್ತ ಯಾರರೆ ಹಾಕೋದು ನೋಡಿದ್ರ, ಯಾರಿಗಾದ್ರೂ ಹೇಳಬೇಕಿತ್ತಲ್ಲೋ. ಹೇಳೀಯೇನು?"

ಮೈಲಪ್ಪ ಟವೆಲ್ಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಸುಕನ್ಯಾಳನ್ನು ನೋಡಲಿಲ್ಲ. ಅವನ ಲೆಕ್ಕ ಅವನಿಗಿತ್ತು: ಕೆಲಸ ಹೇಗೂ ಹೋಗುತ್ತದೆ, ದೊಡ್ಡ ಮನೆಯವರ ದಯೆಯಾದರೂ ಉಳಿದರೆ ಇನ್ನೊಂದು ಕಡೆ ಹೊಟ್ಟೆಗೆ ದಾರಿಯಾದೀತು.

"ಇಲ್ರಿ," ಎಂದ. "ಯಾರಿಗೂ ಹೇಳಿಲ್ರಿ."

"ಬರಕೊಳ್ಳವ್ವ," ಎಂದರು ಅಧ್ಯಕ್ಷರು. "ಕಾವಲುಗಾರ ಯಾರಿಗೂ ತಿಳಿಸಿರುವುದಿಲ್ಲ."

ಸುಕನ್ಯಾ ಬರೆಯತೊಡಗಿದಳು. ಯಾರಿಗೂ ಎಂಬಲ್ಲಿಗೆ ಬಂದಳು. ಏಳು ವರ್ಷ ಮಕ್ಕಳ ಉತ್ತರ ತಿದ್ದಿದ ಕೈ ಅದು. ಸುಳ್ಳನ್ನು ಅದು ಮುಂದಕ್ಕೆ ಬರೆಯಲಿಲ್ಲ. ಅವಳು ಪೆನ್ನು ಪುಸ್ತಕದ ಮೇಲೆ ಇಟ್ಟು ಎದ್ದು ನಿಂತಳು. ಗಂಡ ಅವಳ ಸೆರಗು ಹಿಡಿದು ಒಂದು ಸಲ ಎಳೆದ.

"ಇದು ಬರಿಯಾಕ ಬರಂಗಿಲ್ರಿ. ಅವ ಹೇಳ್ಯಾನ. ನನಗ ಹೇಳ್ಯಾನ, ಎರಡು ಸಲ ಬಂದು ಹೇಳ್ಯಾನ. ನೀರು ಹಾಕೋರು ನಮ್ಮ ಅತ್ತಿ. ಹೊಸ್ತಲಾ ಅಂತ ದಿನಾ ತೊಳಿತಾರ. ಅದರಿಂದ ಲಿಫ್ಟು ಕೆಡತೈತಿ ಅಂತ ಅವರಿಗೆ ಗೊತ್ತಿಲ್ಲ. ನನಗ ಗೊತ್ತಿತ್ತು. ನಾ ಹೇಳಲಿಲ್ಲ."

ಕಲ್ಯಾಣಮ್ಮ ಹಿಡಿದಿದ್ದ ಈರಕ್ಕನ ಕೈಯನ್ನು ನಿಧಾನವಾಗಿ ಬಿಟ್ಟರು. ಯಾರ ಮುಖವನ್ನೂ ನೋಡದೆ ಎದ್ದು, ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅವರ ಕಾಲುಂಗುರದ ಸದ್ದು ಎರಡು ಅಂತಸ್ತು ಮೇಲಕ್ಕೆ ಹೋಗುವ ತನಕ ಕೇಳಿಸಿತು.

ಆಮೇಲೆ ಸಭೆ ಬೇಗ ಮುಗಿಯಿತು. ಮೈಲಪ್ಪ ಇರಲಿ ಎಂದಾಯಿತು. ಹುಲುಗೇಶ ಅವನ ಹೆಗಲ ಮೇಲೆ ಕೈ ಇಟ್ಟು ಏನೋ ಅಂದ. ಸುಕನ್ಯಾ ತನ್ನ ಜಾಗಕ್ಕೆ ಬೇರೆಯವರನ್ನು ಆರಿಸಿಕೊಳ್ಳಿ ಎಂದು ಪುಸ್ತಕ ಮುಂದೆ ಇಟ್ಟಳು. ಹತ್ತಾರು ಜನ ಮತ್ತೆ ಚಪ್ಪಲಿ ನೋಡಿಕೊಂಡರು. ಮುಂದಿನ ಸಭೆಯ ತನಕ ನೀವಾ ಇರ್ರಿ ಎಂದು ಗಾದಿಲಿಂಗಪ್ಪನವರು ಪುಸ್ತಕವನ್ನು ಅವಳ ಕಡೆಗೇ ತಳ್ಳಿದರು.

ಮನೆಯಲ್ಲಿ ಅರುಣಕುಮಾರ್ ಕೂಗಾಡಿದ. ಹೆತ್ತ ತಾಯಿಯ ಮರ್ಯಾದೆಯನ್ನು ಪಾರ್ಕಿಂಗಿನಲ್ಲಿ ಹರಾಜು ಹಾಕಿದೆ ಎಂದ. ಭಾಗ್ಯ, ಅಪ್ಪಾಜಿ ನಿಮಗೂ ಗೊತ್ತಿತ್ತಲ್ಲ ಎಂದಳು. ಅವನು ಮಗಳ ಮೇಲೆ ಕೈ ಎತ್ತಿದ. ಆಗ ಅಜ್ಜಯ್ಯ, ಆ ಮನೆಯಲ್ಲಿ ಯಾರೂ ಎಂದೂ ಕೇಳಿರದ ದನಿಯಲ್ಲಿ, ಕೈ ಇಳಸಲೇ ಎಂದರು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಸುಮ್ಮನಿದ್ದೆವು, ಬೈಯುವುದಿದ್ದರೆ ನನ್ನಿಂದ ಶುರು ಮಾಡು ಎಂದರು. ಮಗ ಚಪ್ಪಲಿ ಮೆಟ್ಟಿಕೊಂಡು, ಭಾನುವಾರವಾದರೂ ಅಂಗಡಿಗೆ ಹೋದ.

ಕಲ್ಯಾಣಮ್ಮ ಆ ದಿನ ಊಟ ಮಾಡಲಿಲ್ಲ. ಮರುದಿನ ಸೋಮವಾರ, ನಸುಕಿನಲ್ಲಿ ಎದ್ದು ಸ್ನಾನ ಮಾಡಿ ಪೂಜೆಗೆ ಕೂತವರು ಬಾಗಿಲು ತೆರೆಯಲಿಲ್ಲ, ತಮ್ಮ ಹೊಸ್ತಿಲನ್ನೂ ತೊಳೆಯಲಿಲ್ಲ. ಮಧ್ಯಾಹ್ನ ಗಂಡ, ಮಗಳು, ಮಾವ ಯಾರೂ ಒಳಗಿಲ್ಲದಾಗ ಸುಕನ್ಯಾ ತಟ್ಟೆಗೆ ಅನ್ನ ಸಾರು ಬಡಿಸಿಕೊಂಡು ಅತ್ತೆಯ ಕೋಣೆಗೆ ಹೋದಳು. ಅವರು ಮಂಚದ ಅಂಚಿಗೆ ಕೂತಿದ್ದರು. ಹಿಂದಿನಂತೆ ಮುಖ ತಿರುಗಿಸಲಿಲ್ಲ. ಅವಳನ್ನೇ ನೋಡಿದರು. ಸುಕನ್ಯಾ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಕಾಲು ಮುಟ್ಟಲು ಬಗ್ಗಿದಳು.

"ಅದು ಇರಲಿ," ಎಂದರು ಕಲ್ಯಾಣಮ್ಮ. "ಒಂದು ಮಾತು ಕೇಳ್ತೀನಿ. ಅಷ್ಟು ಮಂದಿ ಮುಂದ ಹೇಳಾಕ ಬಂತು. ಮನ್ಯಾಗ ನನಗ ಹೇಳಾಕ ಯಾಕ ಬರಲಿಲ್ಲ?"

ಸುಕನ್ಯಾ ಬಗ್ಗಿದವಳು ನೆಟ್ಟಗೆ ನಿಂತಳು.

"ನನ್ನ ಕಂಡ್ರ ಅಷ್ಟು ಅಂಜಿಕಿ ಏನು ನಿನಗ?"

ಇಲ್ರಿ ಅತ್ತಿ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹದಿನೇಳು ವರ್ಷ ಆ ಮಾತಿನಿಂದಲೇ ಸಂಸಾರ ನಡೆದಿತ್ತು. ಅದನ್ನು ಹೇಳಿದರೆ ಅತ್ತೆ ಒಂದಿಷ್ಟು ಅತ್ತು, ಒಂದಿಷ್ಟು ಬೈದು, ಸಂಜೆಯ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು.

"ಹೌದ್ರಿ," ಎಂದಳು ಸುಕನ್ಯಾ.

"ಯಾವಾಗಿಂದ?"

"ಈ ಮನಿಗೆ ಬಂದಾಗಿಂದ್ರಿ."

ಕಲ್ಯಾಣಮ್ಮ ತಮ್ಮ ಅಂಗೈ ನೋಡಿಕೊಂಡರು. ಬೆರಳ ಸಂದಿಗಳಲ್ಲಿ ಅರಿಶಿಣ ಹತ್ತಿ ಹತ್ತಿ ಬಣ್ಣ ಹೋಗದಂತಾಗಿತ್ತು.

"ಯಾರೂ ಏನೂ ಅನ್ನಂಗಿಲ್ಲಲ್ಲ," ಎಂದರು. "ನಾ ಮಾಡೋದೆಲ್ಲಾ ಸರಿ ಐತಿ, ಅದಕ್ಕಾ ಯಾರೂ ಅನ್ನಂಗಿಲ್ಲ ಅಂತ ತಿಳಕೊಂಡಿದ್ನೆವ್ವ."

ಸುಕನ್ಯಾಗೆ ಅಳು ಬಂತು. ಹಾಗೇನಿಲ್ಲ ಎಂದು ಸಮಾಧಾನ ಹೇಳಬೇಕೆನಿಸಿತು, ಹೇಳಲಿಲ್ಲ. ಅತ್ತೆಯ ಪಕ್ಕದಲ್ಲಿ ಮಂಚದ ಮೇಲೆ ಕೂತಳು. ಹದಿನೇಳು ವರ್ಷದಲ್ಲಿ ಅವಳು ಅಲ್ಲಿ ಕೂತದ್ದು ಅದೇ ಮೊದಲು.